ಪರಪಕ್ಷ ಸಮಾವೇಶ ದರ್ಶನ ಮೀಮಾಂಸೆ

ತನ್ನ ಪಕ್ಷದ ಸಮಾವೇಶವನ್ನು ಯಾರೂ ಟಿವಿಯಲ್ಲಿ ಪೂರ್ತಿ ನೋಡುವುದಿಲ್ಲ. ಕಟ್ಟಾ ಕಾರ್ಯಕರ್ತ ಬೆಳಿಗ್ಗೆಯೇ ಬಸ್ಸು ಹತ್ತಿ ಹೋಗಿರುತ್ತಾನೆ. ಹೋಗದೆ ಉಳಿದವನು, ಹೇಗೂ ನಮ್ಮದೇ ಅಲ್ಲವೇ ಎಂದು ಟವಲು ಹೆಗಲಿಗೆ ಹಾಕಿ ತೋಟದ ಕಡೆ ಹೊರಡುತ್ತಾನೆ. ನಾಡಗೀತೆಯಿಂದ ವಂದನಾರ್ಪಣೆಯವರೆಗೆ ಒಂದು ಭಾಷಣವನ್ನೂ ಬಿಡದೆ, ಜಾಹೀರಾತು ಬಂದರೂ ಚಾನೆಲ್ ತಿರುಗಿಸದೆ ನೋಡುವವನು ಒಬ್ಬನೇ, ಎದುರು ಪಕ್ಷದವನು. ಇಂಥ ದೊಡ್ಡ ಸಂಗತಿ ವಿದ್ವಾಂಸರ ಕಣ್ಣಿಗೆ ಬೀಳದೆ ಉಳಿದದ್ದು ಆಶ್ಚರ್ಯ. ಚುನಾವಣಾ ಪಂಡಿತರು ಮತ ಎಣಿಸಿದರು, ಸಮಾಜಶಾಸ್ತ್ರದವರು ಜಾತಿ ಎಣಿಸಿದರು, ಟಿವಿಯವರು ಸಮಾವೇಶದ ಜನ ಎಣಿಸಿದರು. ಮನೆಯ ಹಜಾರದಲ್ಲಿ ಹಲ್ಲು ಕಡಿಯುತ್ತ ಕೂತವನನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಶಾಸ್ತ್ರದ ಆ ಕೊರತೆಯನ್ನು ನೀಗುವುದು ಪ್ರಸ್ತುತ ಪ್ರಬಂಧದ ವಿನಮ್ರ ಉದ್ದೇಶ.

ಅಧ್ಯಯನಕ್ಕೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇಲ್ಲಿ ಎದುರು ಪಕ್ಷವೆಂದರೆ ದೂರದ ಮಾತಲ್ಲ. ಅದು ಬೇಲಿಯಾಚೆಯ ತೋಟ. ಎಷ್ಟೋ ಮನೆಗಳಲ್ಲಿ ಊಟದ ಮೇಜಿನ ಆಚೆ ಬದಿ. 2018ರಲ್ಲಿ ಜಿಲ್ಲೆಯ ಐದು ವಿಧಾನಸಭಾ ಕ್ಷೇತ್ರಗಳಲ್ಲಿ ನಾಲ್ಕನ್ನು ಬಿಜೆಪಿ ಗೆದ್ದಿತ್ತು. 2023ರಲ್ಲಿ ಐದಕ್ಕೆ ಐದೂ ಕಾಂಗ್ರೆಸ್ಸಿಗೆ ಹೋದವು. ಹೋದದ್ದಾದರೂ ಎಷ್ಟರಲ್ಲಿ? ಅಂದು ಘೋಷಿಸಿದ ಲೆಕ್ಕದ ಪ್ರಕಾರ ಶೃಂಗೇರಿಯಲ್ಲಿ 201 ಮತ, ಮೂಡಿಗೆರೆಯಲ್ಲಿ 722 ಮತ. ಮೂಡಿಗೆರೆ ಕಡೆಯ ಒಂದು ಸಾಧಾರಣ ಮದುವೆಗೇ ಇದಕ್ಕಿಂತ ಹೆಚ್ಚು ಎಲೆ ಹಾಕಬೇಕಾಗುತ್ತದೆ. ಇಷ್ಟು ಸಣ್ಣ ಅಂತರದಲ್ಲಿ ಎದುರು ಪಕ್ಷವನ್ನು ಕೈ ಬೀಸಿ ದ್ವೇಷಿಸಲು ಜಾಗವೇ ಇರುವುದಿಲ್ಲ. ಹತ್ತಿರದಿಂದ ಗಮನಿಸುವುದೊಂದೇ ದಾರಿ.

ಈ ಸೀಮೆಗೆ ರಾಜಕೀಯ ನೋಡುವ ಚಾಳಿ ಟಿವಿಗಿಂತ ಹಳೆಯದು. ದೂರದರ್ಶನದ ಬೆಂಗಳೂರು ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಅದಕ್ಕೂ ಮೂರು ವರ್ಷ ಮೊದಲು, 1978ರ ನವೆಂಬರಿನಲ್ಲಿ, ಇಡೀ ದೇಶದ ರಾಜಕೀಯವೇ ಚಿಕ್ಕಮಗಳೂರಿನ ರಸ್ತೆಗಳಲ್ಲಿ ಖುದ್ದು ಓಡಾಡಿತ್ತು. ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು ತಮ್ಮ ಲೋಕಸಭಾ ಸ್ಥಾನ ಬಿಟ್ಟುಕೊಟ್ಟರು. ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿ ಬಂದು ಉಪಚುನಾವಣೆಗೆ ನಿಂತರು. ಎದುರಿಗೆ ಜನತಾ ಪಕ್ಷದಿಂದ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ಜಾರ್ಜ್ ಫರ್ನಾಂಡಿಸ್ ಅವರಂಥವರು ಅವರ ಪ್ರಚಾರಕ್ಕೆ ಬಂದರು. ಎದುರು ಪಕ್ಷದವರನ್ನು ನೋಡಬೇಕೆಂದರೆ ಗೇಟಿನ ಹತ್ತಿರ ಹೋಗಿ ನಿಂತರೆ ಸಾಕಿತ್ತು. ಜೀಪು ತಾನಾಗಿಯೇ ಬರುತ್ತಿತ್ತು. ಇಂದಿರಾ 70,000ಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಡಿಸೆಂಬರಿನಲ್ಲಿ ಲೋಕಸಭೆ ಅವರನ್ನು ಉಚ್ಚಾಟಿಸಿ ತಿಹಾರ್ ಜೈಲಿಗೆ ಕಳಿಸಿತು. ಚಿಕ್ಕಮಗಳೂರಿನವರು ಆರಿಸಿ ಕಳಿಸಿದ ಸದಸ್ಯೆ ಕೊಯ್ಲು ಮುಗಿಯುವ ಮೊದಲೇ ಮಾಜಿಯಾದರು.

ಈ ಅಧ್ಯಾಯದ ತಿರುಳು ಆಮೇಲಿನದು. 1980ರಲ್ಲಿ ಇಂದಿರಾ ಮತ್ತೆ ಪ್ರಧಾನಿಯಾದಾಗ ಅವರ ಸಂಪುಟದಲ್ಲಿ ಸಚಿವರಾಗಿ ಕೂತವರು ಚಿಕ್ಕಮಗಳೂರಿನಲ್ಲಿ ಅವರ ಎದುರು ನಿಂತಿದ್ದ ಅದೇ ವೀರೇಂದ್ರ ಪಾಟೀಲರು. ಸ್ಥಾನ ಬಿಟ್ಟುಕೊಟ್ಟ ಚಂದ್ರೇಗೌಡರು? ಅವರು 1983ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರದ ಕಾಲಕ್ಕೆ ವಿಧಾನಸಭೆಯ ಸ್ಪೀಕರ್ ಆದರು. ಎದುರಾಳಿ ಒಳಗೆ, ಸ್ವಂತದವರು ಹೊರಗೆ. ಐದು ವರ್ಷದಲ್ಲಿ ಇಡೀ ಚದುರಂಗದ ಹಾಸು ತಿರುಗಿಬಿತ್ತು. ಇದನ್ನು ಕಣ್ಣಾರೆ ಕಂಡ ಸೀಮೆ ಎದುರು ಪಕ್ಷದ ಸಮಾವೇಶವನ್ನು ನಿರ್ಲಕ್ಷ್ಯ ಮಾಡೀತೇ? ವೇದಿಕೆ ಮೇಲೆ ಕೂತವರಲ್ಲಿ ನಾಳೆ ನಮ್ಮವರು ಯಾರು ಎಂದು ಈಗಲೇ ಗುರುತು ಹಿಡಿದಿಟ್ಟುಕೊಳ್ಳಬೇಕಲ್ಲ.

ಇನ್ನು ಕ್ರಮದ ಪ್ರಶ್ನೆ. ಶೃಂಗೇರಿ ಇರುವ ಜಿಲ್ಲೆಯಲ್ಲಿ ವಾದದ ಕ್ರಮ ಹೇಳಿಕೊಡಲು ಪರದೇಶದ ಪಂಡಿತರು ಬೇಕಿಲ್ಲ. ಶಾಸ್ತ್ರದಲ್ಲಿ ಸಿದ್ಧಾಂತ ಹೇಳುವ ಮೊದಲು ಪೂರ್ವಪಕ್ಷ ಹೇಳಬೇಕು. ಎದುರಾಳಿಯೇ ಕೇಳಿ, ಹೌದು, ನಾನು ಹೇಳಿದ್ದು ಇದೇ, ಎಂದು ತಲೆದೂಗುವಷ್ಟು ಚೊಕ್ಕವಾಗಿ ಹೇಳಬೇಕು. ಆಮೇಲೆ ಖಂಡನೆ. ಕಾಫಿ ಸೀಮೆಯ ವೀಕ್ಷಕ ಈ ಮೊದಲ ಅರ್ಧದಲ್ಲಿ ಪಾರಂಗತ. ಎದುರು ಪಕ್ಷದ ನಾಯಕ ಏನು ಹೇಳಿದ, ಎಲ್ಲಿ ಉಗುಳು ನುಂಗಿದ, ಯಾರ ಹೆಸರು ಹೇಳುವಾಗ ಅಡ್ಡ ನೋಡಿದ, ಯಾವ ಮಾತಿಗೆ ಚಪ್ಪಾಳೆ ಬರಲಿಲ್ಲ, ಎಲ್ಲವನ್ನೂ ಏರಿಳಿತದ ಸಮೇತ ಮಾರನೆಯ ದಿನ ಪೇಟೆಯಲ್ಲಿ ಒಪ್ಪಿಸಬಲ್ಲ. ನಿಮ್ಮ ನಾಯಕರು ಏನು ಹೇಳಿದರು ಎಂದು ಕೇಳಿದರೆ, “ಚೆನ್ನಾಗ್ ಮಾತಾಡಿದ್ರು ಮಾರಾಯ” ಎಂಬುದಕ್ಕಿಂತ ಹೆಚ್ಚಿನ ವಿವರ ಸಿಗುವುದಿಲ್ಲ. ಒಂದು ಪಕ್ಷದ ಪ್ರಣಾಳಿಕೆ ಈ ಬೆಟ್ಟಗಳಲ್ಲಿ ಯಾರ ತಲೆಯಲ್ಲಾದರೂ ಪೂರ್ತಿ ಉಳಿದಿದ್ದರೆ ಅದು ಆ ಪಕ್ಷಕ್ಕೆ ಮತ ಹಾಕದವನ ತಲೆಯಲ್ಲಿ.

ಎರಡನೆಯ ಅರ್ಧ, ಅಂದರೆ ಸಿದ್ಧಾಂತ ಸ್ಥಾಪನೆ, ಬರುವುದೇ ಇಲ್ಲ. ಗೌತಮರ ನ್ಯಾಯಸೂತ್ರದಲ್ಲಿ ಚರ್ಚೆಗೆ ಮೂರು ಬಗೆ: ಸತ್ಯ ತಿಳಿಯಲು ಮಾಡುವ ವಾದ, ಗೆಲ್ಲಲು ಮಾಡುವ ಜಲ್ಪ, ತನ್ನದೇನನ್ನೂ ಹೇಳದೆ ಎದುರಿನವನದನ್ನು ಒಡೆಯುವ ವಿತಂಡ. ಟಿವಿ ಮುಂದಿನದು ಶುದ್ಧ ವಿತಂಡ. ಇದನ್ನು ಬೈಗುಳವೆಂದು ತಿಳಿಯಬಾರದು. ವಿತಂಡಕ್ಕೂ ಶಾಸ್ತ್ರದಲ್ಲಿ ಮರ್ಯಾದೆಯ ಸ್ಥಾನವಿದೆ. ಚಾನೆಲ್ಲಿನ ಸ್ಟುಡಿಯೋದಲ್ಲಿ ಏಕಕಾಲಕ್ಕೆ ಆರು ಜನ ಮಾತಾಡುವ ಕ್ರಿಯೆಗೆ ಮಾತ್ರ ಗೌತಮರು ಹೆಸರು ಇಟ್ಟಿಲ್ಲ.

ಈಗ ಪ್ರಮಾಣಗಳಿಗೆ, ಅಂದರೆ ತಿಳಿವಿನ ದಾರಿಗಳಿಗೆ, ಬರೋಣ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪುವ ಪ್ರಮಾಣಗಳು ಆರು. ಅವುಗಳಲ್ಲಿ ಪ್ರತ್ಯಕ್ಷವನ್ನು ಬೇಗ ಮುಗಿಸಬಹುದು, ಏಕೆಂದರೆ ಪರಪಕ್ಷ ದರ್ಶನದಲ್ಲಿ ಅದಕ್ಕೆ ಬೆಲೆ ಕಡಿಮೆ. ಕಣ್ಣಿಗೆ ಕಾಣುತ್ತಿರುವ ಜನಸಾಗರವನ್ನು ವೀಕ್ಷಕ ಮೊದಲ ನೋಟದಲ್ಲೇ ತಿರಸ್ಕರಿಸುತ್ತಾನೆ: “ಅದೆಲ್ಲ ಡ್ರೋನ್ ಆಟ.”

ಅನುಮಾನಕ್ಕೆ ಶಾಸ್ತ್ರದ ಉದಾಹರಣೆ ಬೆಟ್ಟದ್ದೇ: ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ. ಈ ಉದಾಹರಣೆ ಕೊಟ್ಟವರು ಜುಲೈ ತಿಂಗಳಲ್ಲಿ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದವರಲ್ಲ ಎಂಬುದು ಸ್ಪಷ್ಟ. ಆ ತಿಂಗಳು ಹೊಗೆ ಕಂಡಲ್ಲೆಲ್ಲ ಬೆಂಕಿ ಇರುವುದಾದರೆ ಮುಳ್ಳಯ್ಯನಗಿರಿಯಿಂದ ಕುದುರೆಮುಖದವರೆಗೆ ಒಂದೂ ಬೆಟ್ಟ ಉಳಿಯುತ್ತಿರಲಿಲ್ಲ. ಮಂಜನ್ನು ಹೊಗೆಯೆಂದು ಭ್ರಮಿಸುವ ತಪ್ಪನ್ನು ನೈಯಾಯಿಕರೇ ಎಚ್ಚರಿಸಿದ್ದಾರೆ, ನಿಜ. ಆದರೆ ವೀಕ್ಷಕನ ಅನುಮಾನಕ್ಕೆ ಹೊಗೆ ಬೇಡ, ಬಸ್ಸು ಸಾಕು. ಸಮಾವೇಶದ ಮೈದಾನದ ಪಕ್ಕ ಸಾಲಾಗಿ ನಿಂತ ಬಸ್ಸುಗಳನ್ನು ತೋರಿಸಿದ ಕೂಡಲೇ ವ್ಯಾಪ್ತಿ ಸಿದ್ಧ: ಎಲ್ಲೆಲ್ಲಿ ಬಸ್ಸೋ ಅಲ್ಲಲ್ಲಿ ದುಡ್ಡು ಕೊಟ್ಟು ತುಂಬಿಕೊಂಡು ಬಂದ ಜನ. ಅದೇ ಬಸ್ಸು ಮುಂದಿನ ತಿಂಗಳು ತನ್ನ ಪಕ್ಷದ ಸಮಾವೇಶಕ್ಕೆ ಹೋದಾಗ ಒಳಗೆ ಕೂತವರು ಸ್ವಯಂಪ್ರೇರಿತರು. ಡ್ರೈವರ್ ಅವನೇ, ಸೀಟು ಅದೇ, ಎಷ್ಟೋ ಸಲ ಪ್ರಯಾಣಿಕರೂ ಅವರೇ.

ಬಸ್ಸಿನ ವಿಷಯ ಈ ಸೀಮೆಯಲ್ಲಿ ಸೂಕ್ಷ್ಮವಾದದ್ದು ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಕೊಪ್ಪದ ಸಹಕಾರ ಸಾರಿಗೆ, ಕಾರ್ಮಿಕರೇ ಮಾಲೀಕರಾಗಿ 1991ರಿಂದ ನಡೆಸಿದ ಅಪರೂಪದ ಸಂಸ್ಥೆ, 2020ರಲ್ಲಿ ನಿಂತುಹೋಯಿತು. ಬಸ್ಸು ಕಡಿಮೆ ಇರುವ ಊರಿನ ಜನಕ್ಕೆ ಟಿವಿಯಲ್ಲಿ ಒಂದೇ ಕಡೆ ಅಷ್ಟೊಂದು ಬಸ್ಸು ಕಂಡಾಗ ಉಂಟಾಗುವ ಭಾವ ರಾಜಕೀಯದ್ದಲ್ಲ. ಅದಕ್ಕೆ ಪಕ್ಷಭೇದವಿಲ್ಲ.

ಶಬ್ದ ಪ್ರಮಾಣದಲ್ಲಿ ಆಪ್ತವಾಕ್ಯ, ಅಂದರೆ ನಂಬಲರ್ಹನ ಮಾತು, ಮುಖ್ಯ. ಎದುರು ಪಕ್ಷದ ನಾಯಕ ಎಂದೂ ಆಪ್ತನಲ್ಲ. ಒಂದೇ ಅಪವಾದ, ಅವನು ತನ್ನದೇ ಪಕ್ಷದವರ ವಿರುದ್ಧ ಬಾಯಿ ಬಿಟ್ಟ ಗಳಿಗೆ. ಆ ಕ್ಷಣದಿಂದ ಅವನು ನಿಷ್ಠುರವಾದಿ, ಸತ್ಯವಂತ, “ಮನುಷ್ಯ ಒಳ್ಳೆಯವನೇ, ಪಾರ್ಟಿ ಸರಿ ಇಲ್ಲ ಅಷ್ಟೆ.” ಉಪಮಾನ ಪ್ರಮಾಣಕ್ಕೆ ಈ ಪ್ರಬಂಧದಲ್ಲಿ ಹೆಚ್ಚು ಕೆಲಸವಿಲ್ಲ.

ನಿಜವಾದ ಸಂಪತ್ತು ಇರುವುದು ಅನುಪಲಬ್ಧಿಯಲ್ಲಿ. ಇಲ್ಲದ್ದನ್ನು ಇಲ್ಲವೆಂದು ತಿಳಿಯುವುದು ಹೇಗೆ? ನೆಲದ ಮೇಲೆ ಗಡಿಗೆ ಇಲ್ಲ ಎಂಬ ಅರಿವು ಕಣ್ಣಿನಿಂದ ಬಂದದ್ದೇ, ಬೇರೆ ದಾರಿಯಿಂದ ಬಂದದ್ದೇ? ಕುಮಾರಿಲ ಭಟ್ಟರ ಅನುಯಾಯಿಗಳು ಇದು ಬೇರೆಯೇ ಪ್ರಮಾಣ ಎಂದರು. ನೈಯಾಯಿಕರು ಒಪ್ಪಲಿಲ್ಲ. ಶತಮಾನಗಟ್ಟಲೆ ಜಗಳವಾಡಿದರು. ಗಡಿಗೆಯ ಬದಲು ಪ್ಲಾಸ್ಟಿಕ್ ಕುರ್ಚಿ ಇಟ್ಟುಕೊಂಡಿದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿದ್ದ ಚರ್ಚೆ ಅದು. ಖಾಲಿ ಕುರ್ಚಿ ಕನ್ನಡ ಸುದ್ದಿವಾಹಿನಿಗಳ ಅತ್ಯಂತ ಜನಪ್ರಿಯ ದೃಶ್ಯ. ಕ್ಯಾಮೆರಾ ನಾಯಕನಿಂದ ಮೆಲ್ಲನೆ ಸರಿದು, ಪೆಂಡಾಲಿನ ಹಿಂಬದಿಗೆ ಹೋಗಿ, ಬಿಳಿ ಕುರ್ಚಿಗಳ ಖಾಲಿ ಸಾಲಿನ ಮೇಲೆ ನಿಂತಾಗ ನೂರಾರು ಮೈಲಿ ದೂರದ ಕಾಫಿ ತೋಟದ ಮನೆಯಲ್ಲಿ ಒಬ್ಬ ಮನುಷ್ಯನಿಗೆ ಆಗುವ ಆನಂದವನ್ನು ಭರತನ ಯಾವ ರಸಕ್ಕೂ ಸೇರಿಸಲು ಬರುವುದಿಲ್ಲ. ತುಂಬಿದ ಕುರ್ಚಿ ಎಷ್ಟಿದ್ದವು ಎಂಬುದು ಅವನಿಗೆ ಕಾಣಲೇ ಇಲ್ಲ. ಇಲ್ಲದ ಜನ ಮಾತ್ರ ಸ್ಪಷ್ಟವಾಗಿ, ಮುಖಚಹರೆ ಸಮೇತ, ಕಂಡರು.

ಇಲ್ಲಿ ಶಾಸ್ತ್ರಕಾರರ ಒಂದು ನಿಯಮವನ್ನು ಗಮನಕ್ಕೆ ತರಬೇಕು. ಎಲ್ಲ ಕಾಣದಿರುವಿಕೆಯೂ ಪ್ರಮಾಣವಲ್ಲ. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂಥ ಸ್ಥಿತಿ ಇರಬೇಕು. ಕತ್ತಲಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ ಎಂದಾಗದು. ಹಾಗೆಯೇ ಬೆಳಿಗ್ಗೆ ಒಂಬತ್ತಕ್ಕೆ, ಸಮಾವೇಶಕ್ಕೆ ಎರಡು ಗಂಟೆ ಮೊದಲು ತೆಗೆದ ಖಾಲಿ ಕುರ್ಚಿ ಸಿಂಧುವಲ್ಲ. ಬಿರಿಯಾನಿ ಹಂಚುವ ಹೊತ್ತಿನಲ್ಲಿ ತೆಗೆದದ್ದೂ ಸಿಂಧುವಲ್ಲ. ಮುಖ್ಯ ಭಾಷಣ ಮುಗಿಯುವ ಮೊದಲೇ ಎದ್ದು ಹೊರಟವರ ಕುರ್ಚಿಗೆ ಪ್ರಾಮಾಣ್ಯ ಇದೆಯೇ ಎಂಬುದು ವಿವಾದಾಸ್ಪದ. ಹೊರಟವರಿಗೆ ಭಾಷಣ ಹಿಡಿಸಲಿಲ್ಲವೋ, ಕಡೂರು ದಾಟಿ ಮನೆ ಸೇರಲು ಹೊತ್ತಾಗುತ್ತದೆಂಬ ಚಿಂತೆಯೋ? ಪ್ರಸ್ತುತ ಪ್ರಬಂಧ ಎರಡನೆಯದರ ಪರ.

ಇನ್ನುಳಿದ ಅರ್ಥಾಪತ್ತಿ ಇನ್ನೂ ರುಚಿಕರ. ದಪ್ಪನೆಯ ದೇವದತ್ತ ಹಗಲು ಊಟ ಮಾಡುವುದಿಲ್ಲ. ಆದರೂ ದಪ್ಪಗಿದ್ದಾನೆ. ಹಾಗಾದರೆ ರಾತ್ರಿ ಉಣ್ಣುತ್ತಾನೆ ಎಂದು ಊಹಿಸದೆ ಬೇರೆ ಗತಿಯಿಲ್ಲ. ಇದಕ್ಕೆ ಕರ್ನಾಟಕ ಒದಗಿಸಿದ ಶ್ರೇಷ್ಠ ಪಾಠ್ಯಪ್ರಸಂಗ 2022ರ ಆಗಸ್ಟ್ 3ರದು. ದಾವಣಗೆರೆಯಲ್ಲಿ ಸಿದ್ದರಾಮಯ್ಯನವರ 75ನೇ ಹುಟ್ಟುಹಬ್ಬದ ಸಿದ್ದರಾಮೋತ್ಸವ. ರಾಹುಲ್ ಗಾಂಧಿ ವೇದಿಕೆಯಲ್ಲಿದ್ದರು. ಡಿ.ಕೆ. ಶಿವಕುಮಾರ್ ಸಿದ್ದರಾಮಯ್ಯನವರನ್ನು ತಬ್ಬಿಕೊಂಡರು. ಆ ಅಪ್ಪುಗೆಯನ್ನು ಚಾನೆಲ್ಲುಗಳು ಎಷ್ಟು ಸಲ ತೋರಿಸಿದವು ಎಂದರೆ ಮಲೆನಾಡಿನ ಮಳೆಯಲ್ಲಿ ಹೊರಗೆ ಹೋಗಲಾರದೆ ಕೂತಿದ್ದ ಬಿಜೆಪಿ ಮನೆಗಳಲ್ಲಿ ಅದರ ಸೆಕೆಂಡು ಸೆಕೆಂಡಿಗೂ ಭಾಷ್ಯ ಹುಟ್ಟಿತು. ಯಾರ ಕೈ ಮೊದಲು ಎದ್ದಿತು, ಯಾರ ಬೆನ್ನು ಸೆಟೆದಿತ್ತು, ನಗು ತುಟಿಯದೋ ಕಣ್ಣಿನದೋ. ಇಬ್ಬರ ನಡುವೆ ಏನೂ ಇಲ್ಲದಿದ್ದರೆ ತಬ್ಬಿ ತೋರಿಸುವುದೇಕೆ ಎಂಬುದು ಹಜಾರದ ಅರ್ಥಾಪತ್ತಿ.

ಮೈಸೂರಿನಲ್ಲಿ 2024ರ ಆಗಸ್ಟಿನಲ್ಲಿ ಪಾತ್ರಗಳು ಅದಲುಬದಲಾದವು. ಮುಡಾ ನಿವೇಶನದ ವಿಚಾರ ಹಿಡಿದು ಬಿಜೆಪಿ ಮತ್ತು ಜೆಡಿಎಸ್ ಬೆಂಗಳೂರಿನಿಂದ ಪಾದಯಾತ್ರೆ ಹೊರಟವು. ಹೊರಡುವ ಮುಂಚೆ ಜೆಡಿಎಸ್ ನಾಯಕ ಎಚ್.ಡಿ. ಕುಮಾರಸ್ವಾಮಿಯವರು ಬೆಂಬಲ ಇಲ್ಲ ಎಂದರು. ಪಕ್ಕದ ಹಾಸನ ಜಿಲ್ಲೆಯ ರಾಜಕೀಯದ ಮುನಿಸು ಅದರೊಳಗಿತ್ತು. ಆಮೇಲೆ ಒಪ್ಪಿ ಜೊತೆಯಾದರು. ಈ ಸಲ ಕೈ ಪಕ್ಷದ ಮನೆಗಳಲ್ಲಿ ಹಲಸಿನ ಹಪ್ಪಳದ ಜೊತೆ ಅರ್ಥಾಪತ್ತಿ ಶುರುವಾಯಿತು: ಒಟ್ಟಿಗೆ ಇದ್ದೇವೆ, ಒಟ್ಟಿಗೆ ಇದ್ದೇವೆ ಎಂದು ದಾರಿಯುದ್ದಕ್ಕೂ ಯಾಕೆ ಹೇಳಬೇಕು? ಸಂಶೋಧಕರ ಅದೃಷ್ಟಕ್ಕೆ ಆಗಸ್ಟ್ 9ರಂದು ಕಾಂಗ್ರೆಸ್ಸಿನ ಜನಾಂದೋಲನ ಸಮಾವೇಶ, 10ರಂದು ಪಾದಯಾತ್ರೆಯ ಸಮಾರೋಪ, ಎರಡೂ ಮಹಾರಾಜ ಕಾಲೇಜು ಮೈದಾನದಲ್ಲೇ ನಡೆದವು. ಒಂದೇ ನೆಲ, ಒಂದೇ ಆಕಾಶ, ಒಂದು ದಿನದ ಅಂತರ. ಭೌತಶಾಸ್ತ್ರದ ಪ್ರಯೋಗಾಲಯದವರು ಕನಸಿನಲ್ಲೂ ಕಾಣದ ಶುದ್ಧ ಪ್ರಯೋಗ. ಫಲಿತಾಂಶ ಹೀಗಿದೆ: ಎರಡೂ ದಿನ ಮೈದಾನ ಕಿಕ್ಕಿರಿದಿತ್ತು, ಮತ್ತು ಎರಡೂ ದಿನ ಅರ್ಧ ಖಾಲಿ ಇತ್ತು. ನೋಡಿದ ಮನೆ ಯಾವುದು ಎಂಬುದರ ಮೇಲೆ ಅವಲಂಬಿತ.

ಹವಾಮಾನದ ಪಾತ್ರವನ್ನು ಬಯಲುಸೀಮೆಯ ವಿದ್ವಾಂಸರು ಅಂದಾಜು ಮಾಡಲಾರರು. ಎಂಬತ್ತರ ದಶಕದಲ್ಲಿ ಅಡಿಕೆ ಮರದ ಕಂಬಕ್ಕೆ ಕಟ್ಟಿದ ಆಂಟೆನಾ ತಿರುಗಿಸಲು ಒಬ್ಬ ಹೊರಗೆ, ಬಂತಾ ಇಲ್ಲವಾ ಹೇಳಲು ಒಬ್ಬ ಒಳಗೆ, ನಡುವೆ ಕೂಗಿ ದಾಟಿಸಲು ಕಿಟಕಿಯಲ್ಲಿ ಒಬ್ಬ, ಹೀಗೆ ಮೂವರ ಶ್ರಮ ಬೇಕಿತ್ತು. ಮೂವರೂ ಒಂದೇ ಪಕ್ಷದವರಾಗಿರುತ್ತಿರಲಿಲ್ಲ. ಎದುರು ಪಕ್ಷದ ನಾಯಕ ಪರದೆಗೆ ಬಂದಾಗ ಕಿಟಕಿಯವನು “ಬಂತು” ಎಂಬುದನ್ನು ದಾಟಿಸದೇ ಇರುವ ಸಾಧ್ಯತೆ ಇತ್ತು. ಈಗ ಡಿಶ್ ಬಂದಿದೆ. ಉಪಗ್ರಹದಿಂದ ಬರುವ ಅಲೆಗಳನ್ನು ಜೋರು ಮಳೆ ಹೀರಿಕೊಳ್ಳುತ್ತದೆ. ಕಳಸದಲ್ಲಿ ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗುವಂಥ ಮಳೆಗೆ ಪರದೆಯ ಮೇಲೆ ಸಿಗ್ನಲ್ ಇಲ್ಲ ಎಂಬ ನೀಲಿ ಬರಹವೊಂದೇ ಉಳಿಯುತ್ತದೆ. ಅಷ್ಟರಲ್ಲಿ ಎಲ್ಲೋ ಮರ ಬಿದ್ದು ಮೆಸ್ಕಾಂ ಕರೆಂಟೂ ಹೋಗುತ್ತದೆ. ತನ್ನ ನಾಯಕನ ಭಾಷಣದ ನಡುವೆ ಕರೆಂಟು ಹೋದರೆ ವೀಕ್ಷಕ ಒಂದು ಆಕಳಿಕೆ ತೆಗೆದು ಮಲಗುತ್ತಾನೆ. ಎದುರು ಪಕ್ಷದವನ ಭಾಷಣದ ನಡುವೆ ಹೋದರೆ ಯುಪಿಎಸ್ ಬ್ಯಾಟರಿಗೆ ಯಾಕೆ ನೀರು ಹಾಕಿಲ್ಲ ಎಂದು ಮನೆಯವರ ಮೇಲೆ ರೇಗುತ್ತಾನೆ. ಆಸಕ್ತಿಯನ್ನು ಅಳೆಯಲು ಇದಕ್ಕಿಂತ ನಂಬಿಗಸ್ತ ಮಾಪಕ ಇನ್ನೂ ಕಂಡುಹಿಡಿಯಲಾಗಿಲ್ಲ.

ಕಾಫಿಯ ಪಂಚಾಂಗಕ್ಕೂ ಸಮಾವೇಶದ ಪಂಚಾಂಗಕ್ಕೂ ಹೊಂದುವುದೇ ಇಲ್ಲ. ಚುನಾವಣೆ ಮುಂದಿರುವಾಗ ಸಮಾವೇಶಗಳು ಜನವರಿಯಿಂದ ಏಪ್ರಿಲ್‌ವರೆಗೆ ದಂಡೆತ್ತಿ ಬರುತ್ತವೆ. ಜನವರಿ ಅಂದರೆ ಅರೇಬಿಕಾ ಕೊಯ್ಲಿನ ಕೊನೆ, ರೋಬಸ್ಟಾ ಕೊಯ್ಲಿನ ಭರಾಟೆ. ಕಣದಲ್ಲಿ ಹಣ್ಣು ಹರಡಿದೆ, ಆಳು ಸಿಗುವುದಿಲ್ಲ. ಮಾರ್ಚ್ ಅಂದರೆ ಹೂಮಳೆಗೆ ಆಕಾಶ ನೋಡುವ ಕಾಲ. 2023ರ ಮಾರ್ಚ್ 25ರಂದು ದಾವಣಗೆರೆಯಲ್ಲಿ ಮೋದಿಯವರ ಮಹಾಸಂಗಮ, ಮರುದಿನವೇ ಮೈಸೂರಿನಲ್ಲಿ ಜೆಡಿಎಸ್ ಪಂಚರತ್ನ ಯಾತ್ರೆಯ ಸಮಾರೋಪ. ತೋಟದವನು ಪರದೆಯ ಕೆಳಗೆ ಓಡುವ ಪಟ್ಟಿಯಲ್ಲಿ ಹವಾಮಾನ ವರದಿ ಹುಡುಕುತ್ತಿದ್ದರೆ ಪಟ್ಟಿಯ ತುಂಬ ಜನಸಾಗರ. ಸಮಾವೇಶದ ಬಗ್ಗೆ ತೋಟದ ಮಾಲೀಕರ ವಿರೋಧದಲ್ಲಿ ಎಷ್ಟು ಪಾಲು ಸಿದ್ಧಾಂತದ್ದು, ಎಷ್ಟು ಪಾಲು ಕೊಯ್ಲಿನ ಆಳು ಬಸ್ಸು ಹತ್ತಿ ಹೋದದ್ದರದು ಎಂದು ಬಿಡಿಸಿ ಹೇಳುವುದು ಕಷ್ಟ. ತೋಟದ ಆಳುಗಳ ಲೈನ್ ಮನೆಗಳಲ್ಲೂ ಟಿವಿ ಇದೆ. ಅಲ್ಲಿಯವರು ಅದೇ ಸಮಾವೇಶ ನೋಡಿ ತಮ್ಮದೇ ಭಾಷ್ಯ ಬರೆಯುತ್ತಾರೆ. ಮಾಲೀಕರಿಗೆ ಅದನ್ನು ಹೇಳುವುದಿಲ್ಲ, ಅಷ್ಟೇ.

ಅಮೆರಿಕದವರು 1940ರಲ್ಲೇ ಫಿಲಡೆಲ್ಫಿಯಾದ ರಿಪಬ್ಲಿಕನ್ ಸಮಾವೇಶವನ್ನು ಪ್ರಯೋಗಾರ್ಥ ಟಿವಿಯಲ್ಲಿ ತೋರಿಸಿದರು. ಅಲ್ಲಿ ಆಗಿನ್ನೂ ಅಭ್ಯರ್ಥಿ ಯಾರೆಂದು ಸಮಾವೇಶದಲ್ಲೇ ತೀರ್ಮಾನವಾಗುತ್ತಿತ್ತು, ನೋಡುವುದಕ್ಕೊಂದು ಅರ್ಥವಿತ್ತು. ನಮ್ಮಲ್ಲಿಯೂ ಅಂಥ ಸಮಾವೇಶಗಳು ನಡೆದಿವೆ. 1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆದ ಎಐಸಿಸಿ ಅಧಿವೇಶನ ಕಾಂಗ್ರೆಸ್ಸನ್ನೇ ಒಡೆಯುವ ದಾರಿಗೆ ತಂದು ನಿಲ್ಲಿಸಿತು. ಅದನ್ನು ಮಾತ್ರ ಯಾರಿಗೂ ಮನೆಯಲ್ಲಿ ಕೂತು ನೋಡಲಾಗಲಿಲ್ಲ. ನಿಜವಾಗಿ ಏನಾದರೂ ನಡೆಯುತ್ತಿದ್ದ ಕಾಲದಲ್ಲಿ ಟಿವಿ ಇರಲಿಲ್ಲ, ಟಿವಿ ಬರುವ ಹೊತ್ತಿಗೆ ನಡೆಯುವುದೆಲ್ಲ ಮೊದಲೇ ಹೈಕಮಾಂಡಿನಲ್ಲಿ ನಡೆದು ಮುಗಿದಿರುತ್ತಿತ್ತು.

ಈಗ ಹೆಂಗಸರ ವಿಷಯ. ಶಂಕರವಿಜಯದ ಕಥೆಯಲ್ಲಿ ಶಂಕರರಿಗೂ ಮಂಡನಮಿಶ್ರರಿಗೂ ವಾದವಾದಾಗ ತೀರ್ಪು ಕೊಡಲು ಕೂತವಳು ಮಂಡನನ ಹೆಂಡತಿ ಉಭಯಭಾರತಿ. 'ಕೂತವಳು' ಎಂಬುದು ಉಪಚಾರದ ಮಾತು, ಅವಳಿಗೆ ಮನೆಗೆಲಸವಿತ್ತು. ಇಬ್ಬರ ಕೊರಳಿಗೂ ಹೂಮಾಲೆ ಹಾಕಿ, ಯಾರ ಮಾಲೆ ಬಾಡುತ್ತದೋ ಅವರು ಸೋತಂತೆ ಎಂದು ಹೇಳಿ ಒಳಗೆ ಹೋದಳು. ಗಂಡನ ಮಾಲೆ ಬಾಡಿತು. ಇಬ್ಬರನ್ನೂ ಒಟ್ಟಿಗೆ ಭಿಕ್ಷೆಗೆ ಏಳಿ ಎಂದು ಕರೆದಳು. ಗಂಡನನ್ನೂ ಸನ್ಯಾಸಿಯ ಸಾಲಿಗೆ ಸೇರಿಸಿದ ಆ ಒಂದು ಕರೆಯಲ್ಲೇ ತೀರ್ಪು ಇತ್ತು. ಜೆಸಿಬಿಯಿಂದ ಎತ್ತಿ ಹಾಕುವ ಇಂದಿನ ಸೇಬಿನ ಹಾರ, ಕಬ್ಬಿನ ಹಾರಗಳು ಬಾಡುವ ಜಾತಿಯವಲ್ಲ. ಆ ಪರೀಕ್ಷೆ ಈಗ ನಡೆಯದು. ಆದರೆ ಉಭಯಭಾರತಿಯ ಹುದ್ದೆ ಖಾಲಿಯಾಗಿಲ್ಲ.

2023ರ ಜನವರಿ 16ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಾಂಗ್ರೆಸ್ಸಿನ 'ನಾ ನಾಯಕಿ' ಸಮಾವೇಶ ನಡೆಯಿತು. ಪ್ರಿಯಾಂಕಾ ಗಾಂಧಿ ಗೃಹಲಕ್ಷ್ಮಿ ಯೋಜನೆ ಘೋಷಿಸಿದರು: ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಕಮಲದ ಮನೆಯೊಂದರ ಮಾದರಿ ದೃಶ್ಯವನ್ನು ಊಹಿಸಿಕೊಳ್ಳಬಹುದು. ಯಜಮಾನರು ಪೂರ್ವಪಕ್ಷವನ್ನು ಆಗಲೇ ಖಂಡಿಸತೊಡಗಿದ್ದಾರೆ. ದುಡ್ಡು ಎಲ್ಲಿಂದ ತರ್ತಾರೆ, ಖಜಾನೆ ಬರಿದಾಗುತ್ತೆ, ಬರೀ ಬೊಗಳೆ.

“ಎಷ್ಟು ಅಂದ್ರು?” ಒಳಗಿಂದ ಪ್ರಶ್ನೆ.

“ಎರಡ್ ಸಾವ್ರ. ಕೊಡೋದಲ್ಲ ಬಿಡೋದಲ್ಲ, ಸುಮ್ನೆ.”

“ಯಾರ ಹೆಸ್ರಿಗೆ?”

ಈ ಎರಡನೆಯ ಪ್ರಶ್ನೆಯ ಮಹತ್ವವನ್ನು ಆ ವರ್ಷದ ಮೇ 13ರ ಮತ ಎಣಿಕೆಯ ತನಕ ಯಾವ ಚುನಾವಣಾ ಪಂಡಿತನೂ ಗ್ರಹಿಸಿರಲಿಲ್ಲ. ಯೋಜನೆಗೆ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಸಿಕ್ಕಿತು. ಆದಾಯ ತೆರಿಗೆ ಕಟ್ಟುವವರ ಮನೆಗೆ ಅದು ಇಲ್ಲ ಎಂಬ ಷರತ್ತು ಹೊರಬಿದ್ದಾಗ ಯಜಮಾನರಿಗೆ ತೆರಿಗೆ ಕಟ್ಟಿದ್ದಕ್ಕೆ ಜೀವನದಲ್ಲಿ ಮೊದಲ ಬಾರಿ ಸಮಾಧಾನವಾಯಿತು, ಯಜಮಾನತಿಗೆ ಮೊದಲ ಬಾರಿ ಸಿಟ್ಟು ಬಂತು. ಕಾಫಿ ಲೋಟ ಇಡುವ ಶಬ್ದದಲ್ಲಿ ತೀರ್ಪು ಇತ್ತು.

ಭಂಗಿಯ ಅಧ್ಯಯನವಿಲ್ಲದೆ ಶಾಸ್ತ್ರ ಪೂರ್ಣವಾಗದು. ತನ್ನ ಪಕ್ಷದ ಕಾರ್ಯಕ್ರಮವನ್ನು ಮಲೆನಾಡಿಗ ಕೂತು ನೋಡುತ್ತಾನೆ, ಬೇಗ ನಿದ್ದೆ ಹೋಗುತ್ತಾನೆ. ಎದುರು ಪಕ್ಷದ್ದನ್ನು ಕೂತು ನೋಡುವುದು ಮರ್ಯಾದೆಗೆ ಕಮ್ಮಿ, ಕೂತರೆ ಒಪ್ಪಿಕೊಂಡಂತೆ. ಆದ್ದರಿಂದ ಅವನು ನಿಲ್ಲುತ್ತಾನೆ. ಒಂದು ಕೈ ಬಾಗಿಲ ದಾರಂದದ ಮೇಲೆ, ಇನ್ನೊಂದರಲ್ಲಿ ಮಡಿಸಿದ ಕೊಡೆ, ಈಗಿಂದೀಗಲೇ ಹೊರಡುವವನ ಹಾಗೆ. “ಎಂಥ ಇದು, ಯಾರ್ ನೋಡ್ತಾರೆ ಇದನ್ನ” ಎಂದು ಹೇಳುತ್ತಲೇ ಎರಡು ಗಂಟೆ ನಿಲ್ಲುತ್ತಾನೆ. ಮಗ ರಿಮೋಟಿಗೆ ಕೈ ಹಾಕಿದರೆ, “ಇರ್ಲಿ ಬಿಡ, ಎಷ್ಟ್ ಸುಳ್ಳ್ ಹೇಳ್ತಾನೆ ನೋಡಾಣ.” ತೋಟದಿಂದ ಕಾಲಿಗೆ ಹತ್ತಿ ಬಂದ ಉಂಬಳ ಹೊಟ್ಟೆ ತುಂಬ ರಕ್ತ ಕುಡಿದು, ದುಂಡಗಾಗಿ, ತಾನಾಗಿ ಉದುರಿ ಬಿದ್ದರೂ ಅವನಿಗೆ ಗೊತ್ತಾಗುವುದಿಲ್ಲ. ಇಷ್ಟು ಏಕಾಗ್ರತೆಯಿಂದ ಕೇಳಿಸಿಕೊಳ್ಳುವ ಒಬ್ಬ ಶ್ರೋತೃ ತನಗೆ ಇದ್ದಾನೆಂದು ವೇದಿಕೆಯ ಮೇಲಿನ ನಾಯಕನಿಗೆ ತಿಳಿದಿದ್ದರೆ ಮುಂದಿನ ಸಾಲಿನ ಆಹ್ವಾನಿತರನ್ನು ಎಬ್ಬಿಸಿ ಅವನಿಗೆ ಸೀಟು ಹಾಕಿಸುತ್ತಿದ್ದ.

ಈ ಶ್ರದ್ಧೆಯ ಮೂಲವನ್ನು ಹುಡುಕಿದರೆ ಮತ್ತೆ ಚಂದ್ರೇಗೌಡರ ಸೀಮೆಗೇ ಬಂದು ನಿಲ್ಲಬೇಕು. ಕಾಂಗ್ರೆಸ್, ಜನತಾ ಪಾಳಯ, ಮತ್ತೆ ಕಾಂಗ್ರೆಸ್ಸಿನಿಂದ ಎಸ್.ಎಂ. ಕೃಷ್ಣ ಸಂಪುಟದ ಕಾನೂನು ಸಚಿವ ಸ್ಥಾನ, 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದ ಸಂಸದ ಸ್ಥಾನ. ವಿಧಾನಸಭೆ, ವಿಧಾನ ಪರಿಷತ್ತು, ಲೋಕಸಭೆ, ರಾಜ್ಯಸಭೆ ನಾಲ್ಕನ್ನೂ ಕಂಡವರು ಅವರು. ಅವರ ಅಭಿಮಾನಿಯಾಗಿದ್ದವನಿಗೆ ಯಾವ ಪಕ್ಷದ ಸಮಾವೇಶವೂ ಪೂರ್ತಿ ಪರಕೀಯವಾಗಿರಲು ಸಾಧ್ಯವಿರಲಿಲ್ಲ. 2012ರ ಉಪಚುನಾವಣೆಯಲ್ಲಿ ಉಡುಪಿ-ಚಿಕ್ಕಮಗಳೂರಿನಿಂದ ಕಾಂಗ್ರೆಸ್ ಸಂಸದರಾದ ಜಯಪ್ರಕಾಶ್ ಹೆಗ್ಡೆ ಆಮೇಲೆ ಬಿಜೆಪಿಗೆ ಹೋದರು, 2024ರಲ್ಲಿ ಮತ್ತೆ ಕಾಂಗ್ರೆಸ್ ಅಭ್ಯರ್ಥಿಯಾಗಿ ಬಂದರು. 2019ರಲ್ಲಿ ಇದೇ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಪ್ರಮೋದ್ ಮಧ್ವರಾಜ್ ಮೈತ್ರಿಯ ಲೆಕ್ಕದಲ್ಲಿ ಜೆಡಿಎಸ್ ಚಿಹ್ನೆಯಡಿ ನಿಂತರು, 2022ರಲ್ಲಿ ಬಿಜೆಪಿ ಸೇರಿದರು. ಚಿಕ್ಕಮಗಳೂರಿನಲ್ಲಿ ನಾಲ್ಕು ಸಲ ಗೆದ್ದಿದ್ದ ಸಿ.ಟಿ. ರವಿಯವರನ್ನು 2023ರಲ್ಲಿ ಸೋಲಿಸಿದ ಎಚ್.ಡಿ. ತಮ್ಮಯ್ಯ ಅದೇ ವರ್ಷದ ಫೆಬ್ರವರಿಯವರೆಗೆ ಬಿಜೆಪಿಯಲ್ಲೇ ಇದ್ದವರು. ಕಾಂಗ್ರೆಸ್ ಸಮಾವೇಶವನ್ನು ಜನವರಿಯಲ್ಲಿ ನಿಂತು ನೋಡಿದ ಅವರ ಬೆಂಬಲಿಗ ಮಾರ್ಚಿನಲ್ಲಿ ಕೂತು ನೋಡಬೇಕಾಯಿತು. ಸರಿಯಾಗಿ ನೋಡಿಟ್ಟುಕೊಂಡಿದ್ದರಿಂದ ಪಾಠ ಬೇಗ ಬಾಯಿಗೆ ಬಂತು. ಘೋಷಣೆ, ಗ್ಯಾರಂಟಿ, ನಾಯಕರ ಹೆಸರಿನ ಕ್ರಮ, ಎಲ್ಲ ಕಂಠಪಾಠ.

ಒಂದು ಸಮಸ್ಯೆ ಮಾತ್ರ ಈ ಪ್ರಬಂಧಕ್ಕೆ ಬಗೆಹರಿಯದೆ ಉಳಿದಿದೆ, ಮುಂದಿನ ಸಂಶೋಧಕರು ಗಮನಿಸಬೇಕು. ಮೂಡಿಗೆರೆಯ ಬಿಜೆಪಿ ಶಾಸಕರಾಗಿದ್ದ ಎಂ.ಪಿ. ಕುಮಾರಸ್ವಾಮಿಯವರಿಗೆ 2023ರಲ್ಲಿ ಟಿಕೆಟ್ ತಪ್ಪಿತು. ಜೆಡಿಎಸ್ ಸೇರಿ ಅದರ ಅಭ್ಯರ್ಥಿಯಾದರು. ಅವರನ್ನು ನೆಚ್ಚಿದ್ದ ವೀಕ್ಷಕ ಏಪ್ರಿಲ್‌ನಲ್ಲಿ ಬಿಜೆಪಿ ಸಭೆ ಬಂದಾಗ ಸೋಫಾದಿಂದ ಎದ್ದು ದಾರಂದ ಹಿಡಿಯಬೇಕಾಯಿತು, ಜೆಡಿಎಸ್ ಸಭೆಗೆ ಕೂರಬೇಕಾಯಿತು. ಸೆಪ್ಟೆಂಬರಿನಲ್ಲಿ ಜೆಡಿಎಸ್ಸೇ ಎನ್‌ಡಿಎ ಸೇರಿತು. ಅಲ್ಲಿಂದ ಎರಡೂ ಪಕ್ಷದವರು ಒಂದೇ ವೇದಿಕೆಯಲ್ಲಿ ಕಾಣಿಸಿಕೊಂಡರು. ಬಿಜೆಪಿಯವರು ಮಾತಾಡುವಾಗ ಎದ್ದು, ಜೆಡಿಎಸ್‌ನವರು ಮಾತಾಡುವಾಗ ಕೂತು ನೋಡೋಣವೆಂದರೆ ಅವರು ಸರದಿಯ ಮೇಲೆ ಮಾತಾಡುತ್ತಾರೆ. ಮಂಡಿ ನೋವು ಬರುತ್ತದೆ. ಸದ್ಯಕ್ಕೆ ಆತ ಸೋಫಾದ ಕೈ ಮೇಲೆ ಅರ್ಧ ಕೂತು ನೋಡುತ್ತಿದ್ದಾನೆ, ಕೊಡೆ ಮಡಿಲಲ್ಲಿದೆ, ಮತ್ತು ಸೋಫಾದ ಕೈ ಮುರಿಯುತ್ತದೆಂದು ಮನೆಯವರು ಬೈಯುತ್ತಿದ್ದಾರೆ.